ಹಲಗೆಯ ಮೇಲಿಲ್ಲದ ಬಣ್ಣ

ಬ್ರಿಟನ್ನಿನ ಚಿತ್ರಕಲಾವಿದೆ ಬ್ರಿಜೆಟ್ ರೈಲಿಯವರ ಕಪ್ಪು ಬಿಳುಪಿನ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿದರೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇದನ್ನ ಕಂಪ್ಯೂಟರಿನಲ್ಲಿ ಮಾಡಿದ್ದಾ?’ 1961ರಲ್ಲಿ ಪೆನ್ಸಿಲು, ಅಡಿಕೋಲು, ಕುಂಚ ಹಿಡಿದು ಮಾಡಿದ್ದು ಎಂದರೆ ಸ್ವಲ್ಪ ಹೊತ್ತು ಮೆಚ್ಚಿಕೊಂಡು ನೋಡುತ್ತಾರೆ. ಆಮೇಲೆ, ಅರವತ್ತರ ದಶಕದಿಂದಲೂ ಅವರ ದೊಡ್ಡ ಕ್ಯಾನ್ವಾಸುಗಳಿಗೆ ಬಣ್ಣ ಬಳಿಯುತ್ತ ಬಂದವರು ಸಹಾಯಕರು ಎಂದು ಹೇಳಿದ ಕೂಡಲೇ ಆ ಮೆಚ್ಚುಗೆ ಇಳಿದುಹೋಗುತ್ತದೆ. ‘ಹಾಗಾದರೆ ಅವರು ಮಾಡಿದ್ದೇನು?’ ಈ ಎರಡನೆಯ ಪ್ರಶ್ನೆ ಸುಲಭಕ್ಕೆ ಬಿಡುವಂಥದ್ದಲ್ಲ. ‘ಕಲ್ಪನೆ ಅವರದು, ಕೈ ಬೇರೆಯವರದು’ ಎಂಬ ಸಿದ್ಧ ಉತ್ತರವೊಂದಿದೆ. ಅದು ತಪ್ಪು ಉತ್ತರ. ರೈಲಿಯವರ ಕೆಲಸದಲ್ಲಿ ಕಲ್ಪನೆ ಮೊದಲು ಬಂದು ಕೈ ಅದರ ಹಿಂದೆ ಬರುವುದಿಲ್ಲ. ಸಣ್ಣ ಕಾಗದದ ಮೇಲೆ ತಮ್ಮ ಕೈಯಲ್ಲೇ ಮಾಡಿ, ದೂರ ನಿಂತು ನೋಡಿ, ಮತ್ತೆ ಮಾಡಿ, ಆ ಚಿತ್ರ ಏನು ಮಾಡುತ್ತದೆ ಎಂಬುದು ಗೊತ್ತಾಗುವವರೆಗೂ ಅಲ್ಲಿ ಕಲ್ಪನೆ ಎಂಬುದೇ ಹುಟ್ಟಿರುವುದಿಲ್ಲ.

ಫೋನಿನದೂ ಒಂದು ಪಾಲು ತಪ್ಪಿದೆ. ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿರುವ ‘ಲೇಟ್ ಮಾರ್ನಿಂಗ್’ (1967–68) ಸುಮಾರು 2.26 ಮೀಟರ್ ಎತ್ತರ, 3.59 ಮೀಟರ್ ಅಗಲ. ಅದನ್ನು 7 ಸೆಂಟಿಮೀಟರ್ ಅಗಲದ ಪರದೆಗೆ ಇಳಿಸಿದರೆ 50 ಪಟ್ಟು ಕುಗ್ಗಿಸಿದಂತೆ. ಪಟ್ಟೆಗಳು ಪಿಕ್ಸೆಲ್‌ಗಳ ಅಳತೆಗೆ ಹತ್ತಿರ ಬಂದಾಗ ಪರದೆ ಪಕ್ಕಪಕ್ಕದ ಬಣ್ಣಗಳನ್ನು ಕಲಸಿ ಒಂದು ಸರಾಸರಿ ಬಣ್ಣ ತೋರಿಸುತ್ತದೆ. ಇಲ್ಲವೇ ಪಟ್ಟೆಗಳ ಸಾಲೂ ಪಿಕ್ಸೆಲ್‌ಗಳ ಸಾಲೂ ಒಂದಕ್ಕೊಂದು ತಾಳ ತಪ್ಪಿ, ಚಿತ್ರದಲ್ಲಿಲ್ಲದ ದಪ್ಪ ಅಲೆಗಳು ಕಾಣಿಸಿಕೊಳ್ಳುತ್ತವೆ. ಮಿನುಗು ಇದ್ದೇ ಇರುತ್ತದೆ, ಆದರೆ ಅದು ರೈಲಿಯವರ ಮಿನುಗಲ್ಲ, ಪರದೆಯದು. ಅವರು ಕಟ್ಟಿದ್ದು ಮನುಷ್ಯನ ಕಣ್ಣಿಗಾಗಿ, ಇಂತಿಷ್ಟು ದೂರದಲ್ಲಿ ನಿಂತು ನೋಡುವ ಒಂದು ಮೈಗಾಗಿ.

ಸಮುದ್ರ ಮತ್ತು ಸೇತುವೆ

1931ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೈಲಿಯವರ ತಂದೆ ಮುದ್ರಣದ ಕೆಲಸದವರು. ಎರಡನೆಯ ಮಹಾಯುದ್ಧದಲ್ಲಿ ಅವರು ಜಪಾನೀಯರಿಗೆ ಸೆರೆಸಿಕ್ಕು ಬರ್ಮಾ ರೈಲುಹಾದಿಯ ದುಡಿಮೆಗೆ ಬಿದ್ದರು. ತಾಯಿ ಮಕ್ಕಳನ್ನು ಕರೆದುಕೊಂಡು ಕಾರ್ನ್‌ವಾಲ್‌ನ ಕಡಲತೀರದಲ್ಲಿ ಆ ವರ್ಷಗಳನ್ನು ಕಳೆದರು. ರೈಲಿ ಮುಂದೆ ಆ ದಿನಗಳ ಬಗ್ಗೆ ಬರೆದಾಗ ಮನೆಯ ಕಷ್ಟಕ್ಕಿಂತ ಹೆಚ್ಚಾಗಿ ನೆನಪಿಸಿಕೊಂಡದ್ದು ಈಜುವಾಗ ಕಂಡದ್ದನ್ನು. ಕಣ್ಣು ನೀರಿನ ಮಟ್ಟದಲ್ಲೇ ಇರುವಾಗ ಕಡಲ ಮೇಲ್ಮೈ ತಟ್ಟೆಯಾಕಾರದ ಸಾವಿರ ಪ್ರತಿಬಿಂಬಗಳಾಗಿ ಒಡೆಯುತ್ತದೆ. ಒಂದರಲ್ಲಿ ಆಕಾಶದ ನೀಲಿ, ಪಕ್ಕದ್ದರಲ್ಲಿ ಬಂಡೆಯ ಕಂದು, ಇನ್ನೊಂದರಲ್ಲಿ ಕೆಳಗಿನ ಪಾಚಿಯ ಹಸಿರು, ಎಲ್ಲವೂ ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತವೆ. ನೋಡುವವಳು ಬಣ್ಣದ ಎದುರು ನಿಂತಿಲ್ಲ, ಅದರೊಳಗೇ ಈಜುತ್ತಿದ್ದಾಳೆ. ಅವರ ಇಡೀ ವೃತ್ತಿಜೀವನಕ್ಕೆ ಕೀಲಿ ಯಾವುದು ಎಂದರೆ ನಾನು ಬೆರಳಿಡುವುದು ಈ ನೆನಪಿನ ಮೇಲೆ. ಕಣ್ಣನ್ನು ಮರುಳು ಮಾಡುವ ಗೆರೆ ಆಕಾರಗಳ ಚಿತ್ರಗಳಿಗೆ ಅಂಟಿಸುವ ಆಪ್ ಆರ್ಟ್ ಎಂಬ ಹಣೆಪಟ್ಟಿಯ ಮೇಲಲ್ಲ.

1949ರಿಂದ 52ರವರೆಗೆ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಅವರು ಕಲಿತದ್ದು ಬಹುಪಾಲು ಮಾದರಿಯನ್ನು ಕೂರಿಸಿಕೊಂಡು ಬರೆಯುವ ರೇಖಾಚಿತ್ರ. ಆಮೇಲೆ 1955ರವರೆಗೆ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿಂದ ಹೊರಬಿದ್ದ ಮೇಲಿನ ವರ್ಷಗಳು ಕಷ್ಟದವು. ತಂದೆಗೆ ಅಪಘಾತವಾಯಿತು, ಇವರೂ ಕುಸಿದುಹೋದರು, ಗಾಜಿನ ಸಾಮಾನಿನ ಅಂಗಡಿಯಲ್ಲಿ ದುಡಿದರು, ಮಕ್ಕಳಿಗೆ ಪಾಠ ಹೇಳಿದರು, ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರ ಬರೆದುಕೊಟ್ಟರು. ತಿರುವು ಸಿಕ್ಕಿದ್ದು 1959ರಲ್ಲಿ, ಅದೂ ನಕಲು ಮಾಡುವುದರಿಂದ.

ನಕಲು ಮಾಡಿದ್ದು, ಬಣ್ಣದ ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟು ಚಿತ್ರ ಕಟ್ಟುತ್ತಿದ್ದ ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾನ ಕೂರ್ಬ್‌ವ್ವಾ ಸೇತುವೆಯ ಚಿತ್ರವನ್ನು. ಮೂಲ ಕೃತಿ ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲೇ ಇತ್ತು, ಬೇಕಾದಾಗ ಹೋಗಿ ನೋಡಬಹುದಿತ್ತು. ಆದರೂ ಅವರು ಪುಸ್ತಕದ ಮುದ್ರಿತ ಪುಟವನ್ನು ಮುಂದಿಟ್ಟುಕೊಂಡು, ಮೂಲಕ್ಕಿಂತ ದೊಡ್ಡ ಅಳತೆಯಲ್ಲಿ ಬರೆದರು. ಅವರಿಗೆ ಬೇಕಾಗಿದ್ದುದು ಸ್ಯೂರಾನ ಕೈಚಳಕವಲ್ಲ, ಅವನ ಲೆಕ್ಕಾಚಾರ. ಈ ಚುಕ್ಕಿ ಯಾಕೆ ಕಿತ್ತಳೆ, ಅದರ ಪಕ್ಕದ್ದು ಯಾಕೆ ನೀಲಿ, ನೆರಳಿನ ಅಂಚಿಗೆ ಬಂದಾಗ ಬೆಳಕಿನ ಕಡೆ ಯಾಕೆ ಇನ್ನಷ್ಟು ತಿಳಿಯಾಗುತ್ತದೆ? ಚುಕ್ಕಿ ದೊಡ್ಡದಾದಷ್ಟೂ ಒಂದೊಂದು ತೀರ್ಮಾನವೂ ಬೇರೆಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಆ ನಕಲನ್ನು ಅವರು ಮುಂದಿನ ದಶಕಗಳುದ್ದಕ್ಕೂ ತಮ್ಮ ಸ್ಟುಡಿಯೋದಲ್ಲೇ ಇಟ್ಟುಕೊಂಡರು. ಮರುವರ್ಷ ಇಟಲಿಯ ಸಿಯೆನಾ ಸುತ್ತಲಿನ ಬಯಲಿನಲ್ಲಿ ಬಿಸಿಲ ಝಳಕ್ಕೆ ಗುಡ್ಡಗಳು ಕದಲುವಂತೆ ಕಂಡದ್ದನ್ನು ಅದೇ ಚುಕ್ಕಿಯ ಕ್ರಮದಲ್ಲಿ ‘ಪಿಂಕ್ ಲ್ಯಾಂಡ್‌ಸ್ಕೇಪ್’ (1960) ಎಂದು ಬರೆದರು. ಅದೊಂದು ಒಳ್ಳೆಯ ಚಿತ್ರ, ಆದರೆ ಝಳ ಅದರಲ್ಲಿ ಇನ್ನೂ ಗುಡ್ಡದ ಮೇಲೆಯೇ ಇದೆ. ಅದು ನೋಡುವವರ ಕಣ್ಣಿಗೆ ದಾಟಿದ್ದು ಇನ್ನೊಂದು ವರ್ಷದ ಮೇಲೆ.

ಚೌಕವನ್ನು ಹಿಂಡಿದಾಗ

1961ರ ‘ಕಿಸ್’ನಲ್ಲಿ ಎರಡು ಕಪ್ಪು ರಾಶಿಗಳಿವೆ. ಮೇಲಿನದರ ಅಂಚು ಬಾಗಿದೆ, ಕೆಳಗಿನದು ನೇರ. ಎರಡೂ ಇನ್ನೇನು ತಾಗಬೇಕು ಎನ್ನುವಲ್ಲಿ ಕೂದಲೆಳೆಯಷ್ಟು ಬಿಳಿ ಉಳಿದಿದೆ. ಇಡೀ ಚಿತ್ರದ ಸೆಳೆತ ಆ ಎಳೆಯಲ್ಲಿದೆ. ಅದೇ ವರ್ಷದ ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’ನಲ್ಲಿ ಹಾರ್ಡ್‌ಬೋರ್ಡಿನ ಮೇಲೆ ಟೆಂಪೆರಾ ಎಂಬ ಬೇಗ ಒಣಗುವ ಬಣ್ಣ, ಅಳತೆ ಸುಮಾರು 123 × 121 ಸೆಂಟಿಮೀಟರ್. ಚದುರಂಗದ ಮಣೆಯಂತೆ ಕಪ್ಪು ಬಿಳಿ ಚೌಕಗಳು. ಎತ್ತರ ಎಲ್ಲೂ ಬದಲಾಗುವುದಿಲ್ಲ. ಅಗಲ ಮಾತ್ರ ಎಡದಿಂದ ಬಲಕ್ಕೆ ಹೋಗುತ್ತ ಕಿರಿದಾಗಿ, ನಡುವನ್ನು ದಾಟಿ ಸ್ವಲ್ಪ ಬಲಕ್ಕೆ ಗೆರೆಯಂತಾಗಿ, ಮತ್ತೆ ಹಿಗ್ಗುತ್ತದೆ. ಅಷ್ಟಕ್ಕೇ ಹಲಗೆ ಮಡಿಚಿಕೊಂಡು ಒಳಕ್ಕೆ ಬಿದ್ದಂತೆ ಕಾಣುತ್ತದೆ.

ಇದು ಎಷ್ಟು ಸೂಕ್ಷ್ಮ ಎಂದು ತಿಳಿಯಬೇಕಾದರೆ ಗ್ರಾಫ್ ಹಾಳೆಯ ಮೇಲೆ ಒಮ್ಮೆ ಮಾಡಿ ನೋಡಬೇಕು. ಇಲ್ಲಿ ಕೊಡುವ ಅಳತೆಗಳು ರೈಲಿಯವರವಲ್ಲ, ತತ್ವ ಮಾತ್ರ ಅವರದು. ಎ4 ಅಳತೆಯ ಮಿಲಿಮೀಟರ್ ಹಾಳೆ ತೆಗೆದುಕೊಂಡು 20 ಮಿಲಿಮೀಟರ್ ಎತ್ತರದ 8 ಅಡ್ಡಸಾಲು ಎಳೆಯಿರಿ. ಕಂಬಸಾಲುಗಳ ಅಗಲ ಎಡದಿಂದ ಹೀಗಿರಲಿ: 20, 20, 19, 18, 16, 14, 11, 8, 5, 3, 2, ಆಮೇಲೆ 3, 5, 8, 11, 14. ಒಟ್ಟು 16 ಕಂಬಸಾಲು, 177 ಮಿಲಿಮೀಟರ್. ಬಣ್ಣ ತುಂಬುವ ಮೊದಲು ಕಪ್ಪಾಗಬೇಕಾದ ಪ್ರತಿ ಮನೆಯಲ್ಲೂ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಳ್ಳಿ. ಕಿರಿದಾದ ಮನೆಗಳ ಕಡೆ ಬಂದಾಗ ಲೆಕ್ಕ ತಪ್ಪಿ ಪಕ್ಕಪಕ್ಕದ ಎರಡು ಮನೆ ಕಪ್ಪಾದರೆ ಅಲ್ಲಿಗೆ ಆ ಹಾಳೆಯ ಕಥೆ ಮುಗಿದಂತೆ.

ಅಗಲವನ್ನು 20, 18, 16, 14 ಎಂದು ಒಂದೇ ಸಮನೆ ಇಳಿಸಿದರೆ ಏನಾಗುತ್ತದೆ ಎಂದೂ ಇನ್ನೊಂದು ಹಾಳೆಯಲ್ಲಿ ನೋಡಿ. ಆಳ ಬರುವುದಿಲ್ಲ. ಸಮತಟ್ಟು ಜಾಗ ಮುಗಿದಲ್ಲಿ ಒಂದು ಮುರುಕು ಕಾಣಿಸಿ, ಅಲ್ಲಿಂದಾಚೆ ಓರೆಯಾಗಿ ನಿಲ್ಲಿಸಿದ ಹಲಗೆಯಂತೆ ಕಾಣುತ್ತದೆ. ದುಂಡನೆಯ ಕಂಬಕ್ಕೆ ಚೌಕಳಿ ಬಟ್ಟೆ ಸುತ್ತಿದ್ದನ್ನು ನೆನಪಿಸಿಕೊಳ್ಳಿ. ಎದುರಿನ ಚೌಕಗಳು ಹೆಚ್ಚೂಕಡಿಮೆ ಪೂರ್ತಿ ಕಾಣುತ್ತವೆ, ಮೈ ತಿರುಗುವ ಕಡೆ ಒಮ್ಮೆಲೇ ಕಿರಿದಾಗುತ್ತವೆ. ಕಣ್ಣಿಗೆ ಆ ಅನುಭವ ಹುಟ್ಟಿನಿಂದಲೇ ಇದೆ. ಮೊದಲು ನಿಧಾನ, ಆಮೇಲೆ ಬಿರುಸು ಎಂಬ ಆ ಇಳಿತ ಸಿಕ್ಕಿದರೆ ಮಾತ್ರ ಅದು ‘ಬಾಗಿತು’ ಎಂದು ಒಪ್ಪುತ್ತದೆ. ಇನ್ನೊಂದು ತೊಡಕು ಶಾಯಿಯದು. 2 ಮಿಲಿಮೀಟರಿನ ಕಪ್ಪು ಪಟ್ಟಿ ಎರಡೂ ಕಡೆ ಕಾಲು ಮಿಲಿಮೀಟರ್ ಹರಡಿದರೆ ಎರಡೂವರೆಯಾಯಿತು. ಪಕ್ಕದ ಬಿಳಿ ಅಷ್ಟರಮಟ್ಟಿಗೆ ಸೊರಗಿ, ಆ ಜಾಗ ಕಣಿವೆಯಾಗುವ ಬದಲು ಕಪ್ಪು ಬಿರುಕಾಗುತ್ತದೆ. ಇದರ ಮೇಲೆ, ಒಂದೇ ಅಳತೆಯ ಕಪ್ಪು ಬಿಳಿಗಳನ್ನು ಪಕ್ಕದಲ್ಲಿಟ್ಟರೆ ಬಿಳಿಯೇ ಅಗಲವಾಗಿ ಕಾಣುವುದು ಕಣ್ಣಿನ ಸ್ವಭಾವ. ಅಡಿಕೋಲಿಗೆ ಸರಿ ಎನಿಸಿದ್ದು ನೋಟಕ್ಕೆ ತಪ್ಪಾಗಿರುತ್ತದೆ. ಕೊನೆಯ ತೀರ್ಪು ಯಾವಾಗಲೂ ನೋಟದ್ದೇ. ರೈಲಿಯವರಲ್ಲಿ ಗಣಿತ ಇದೆ ಎಂದು ಹೇಳುವವರು ಈ ಒಂದು ಹಾಳೆ ಮಾಡಿ ನೋಡಿದರೆ ಸಾಕು. ಅಲ್ಲಿರುವುದು ಎಣಿಸುವಷ್ಟು ಗಣಿತ, ಮಿಕ್ಕಿದ್ದೆಲ್ಲ ಕಣ್ಣಂದಾಜು.

1962ರಲ್ಲಿ ವಿಕ್ಟರ್ ಮಸ್‌ಗ್ರೇವ್ ಅವರ ಗ್ಯಾಲರಿ ಒನ್‌ನಲ್ಲಿ ಮೊದಲ ಪ್ರದರ್ಶನ ನಡೆಯಿತು. 1963ರ ‘ಫಾಲ್’ನಲ್ಲಿ ಒಂದೇ ಬಾಗಿದ ಗೆರೆ ಪಕ್ಕಪಕ್ಕಕ್ಕೆ ಮರುಕಳಿಸುತ್ತದೆ. ಮೇಲ್ಭಾಗದಲ್ಲಿ ಉದ್ದನೆಯ ಅಲೆ, ಕೆಳಗೆ ಬರುತ್ತ ಬಾಗು ಬಿಗಿಯಾಗುತ್ತದೆ. 141 × 140 ಸೆಂಟಿಮೀಟರಿನ ಹಾರ್ಡ್‌ಬೋರ್ಡಿನ ಮೇಲೆ ಪಿವಿಎ (ಪಾಲಿವಿನೈಲ್ ಅಸಿಟೇಟ್) ಬಣ್ಣ, ಬರೀ ಕಪ್ಪು ಮತ್ತು ಬಿಳಿ. ಆದರೂ ನಿಂತು ನೋಡಿದವರಿಗೆ ಗೆರೆಗಳ ನಡುವೆ ಹಳದಿ, ತಿಳಿಗೆಂಪಿನ ಛಾಯೆ ಹಾದುಹೋದಂತೆ ಕಾಣುತ್ತದೆ. ನಾವು ಒಂದೆಡೆ ದೃಷ್ಟಿ ನೆಟ್ಟಿದ್ದೇವೆ ಎಂದುಕೊಂಡಾಗಲೂ ಕಣ್ಣು ತೀರ ಸಣ್ಣದಾಗಿ ಕದಲುತ್ತಲೇ ಇರುತ್ತದೆ. ಹಿಂದಿನ ಕ್ಷಣದ ಗೆರೆಯ ಅಚ್ಚು ಇನ್ನೂ ಮಾಸುವ ಮೊದಲೇ ಈಗಿನ ಗೆರೆ ಅದರ ಮೇಲೆ ಒಂದಿಷ್ಟು ಜರುಗಿ ಕೂರುತ್ತದೆ. ಬರೀ ಗೋಡೆಯನ್ನು ನೋಡುವಾಗ ಇದು ತಿಳಿಯುವುದಿಲ್ಲ. ಒತ್ತೊತ್ತಾದ ಗೆರೆಗಳ ಮುಂದೆ ಬಚ್ಚಿಡಲಾಗುವುದಿಲ್ಲ. ಹಲಗೆ ಅಲುಗುತ್ತಿಲ್ಲ, ನೋಟವೇ ತನ್ನ ಅಲುಗಾಟವನ್ನು ಹಲಗೆಯ ಮೇಲೆ ಕಾಣುತ್ತಿದೆ. ಹಾಗಾಗಿಯೇ ಬಣ್ಣದ ಮೈ ಅಷ್ಟು ಸಪಾಟಾಗಿ, ಹೊಳಪಿಲ್ಲದೆ ಇರಬೇಕು. ಒಂದು ಕಡೆ ಕುಂಚದ ಗುರುತು ಎದ್ದು ಕಂಡರೆ, ಇನ್ನೊಂದು ಕಡೆ ಬೆಳಕು ಥಳಕ್ ಎಂದರೆ, ಕಣ್ಣು ಹೋಗಿ ಅದಕ್ಕೆ ಆತುಕೊಳ್ಳುತ್ತದೆ. ಆತುಕೊಂಡ ಕಣ್ಣಿಗೆ ಅಲೆ ಕಾಣುವುದಿಲ್ಲ.

ನ್ಯೂಯಾರ್ಕಿನ ಅಂಗಡಿ ಕಿಟಕಿಗಳು

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಸೈಟ್ಜ್ ‘ದಿ ರೆಸ್ಪಾನ್ಸಿವ್ ಐ’ ಪ್ರದರ್ಶನ ಏರ್ಪಡಿಸಿದರು. ಅದರ ಕ್ಯಾಟಲಾಗಿನ ಮುಖಪುಟಕ್ಕೆ ಬಂದದ್ದು ರೈಲಿಯವರ ‘ಕರೆಂಟ್’ (1964). ಅವರು ನ್ಯೂಯಾರ್ಕಿಗೆ ಇಳಿದು ಬೀದಿಯಲ್ಲಿ ಹೋಗುವಾಗ ಕಂಡದ್ದೇನು? ಅಂಗಡಿಗಳ ಕಿಟಕಿ ತುಂಬ ತಮ್ಮದೇ ಗೆರೆಗಳನ್ನು ಅಚ್ಚೊತ್ತಿದ ಉಡುಪುಗಳು. ಅವರ ಚಿತ್ರವೊಂದನ್ನು ಕೊಂಡಿದ್ದ ಬಟ್ಟೆ ಉದ್ಯಮಿಯೇ ಅದನ್ನು ಬಟ್ಟೆಗೆ ಇಳಿಸಿದ್ದ. ಕೇಳಿದರೆ ತಡೆಯಲು ಗಟ್ಟಿಯಾದ ಕಾನೂನೂ ಆಗ ಅಲ್ಲಿ ಇರಲಿಲ್ಲ. ಅವರ ಸಿಟ್ಟು ದುಡ್ಡಿನ ಲೆಕ್ಕಕ್ಕಷ್ಟೇ ಸೇರಿದ್ದಲ್ಲ. ಇಂತಿಷ್ಟು ದೂರದಿಂದ ನೋಡಬೇಕೆಂದು ಅಳೆದು ಇಟ್ಟ ಗೆರೆ ಮಡಿಕೆ, ನೆರಿಗೆ, ಸೊಂಟಪಟ್ಟಿಗಳಲ್ಲಿ ಕತ್ತರಿಸಿಹೋದರೆ ಉಳಿಯುವುದು ಬರೀ ಡಿಸೈನು. ಮುಂದೆ ಎಷ್ಟೋ ವರ್ಷ ವಿಮರ್ಶಕರು ಅವರನ್ನು ಆ ಬಟ್ಟೆಯ ಮೂಲಕವೇ ನೋಡಿದರು. ಈ ಅನ್ಯಾಯ ಪೂರ್ತಿ ಸರಿಹೋಗಿದೆ ಎಂದು ಇವತ್ತಿಗೂ ನನಗೆ ಅನಿಸುವುದಿಲ್ಲ.

ಮೂರು ವರ್ಷದ ಮೇಲೆ, 1968ರಲ್ಲಿ, ವೆನಿಸ್ ಬಿನಾಲೆ ಎಂಬ ಕಲಾ ಮೇಳದಲ್ಲಿ ಚಿತ್ರಕಲೆಯ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರು. ಅದೇ ವರ್ಷ ಕಲಾವಿದ ಪೀಟರ್ ಸೆಜ್ಲಿ ಮುಂತಾದವರ ಜೊತೆ ಸೇರಿ ಲಂಡನ್ನಿನ ಸೇಂಟ್ ಕ್ಯಾಥರೀನ್ ಡಾಕ್ಸ್‌ನ ಖಾಲಿ ಗೋದಾಮುಗಳಲ್ಲಿ ಕಲಾವಿದರಿಗೆ ಕಡಿಮೆ ಬಾಡಿಗೆಯ ಜಾಗ ಒದಗಿಸುವ ಕೆಲಸಕ್ಕೂ ಕೈಹಾಕಿದರು.

ಪಟ್ಟೆ ಯಾಕೆ?

ಬಣ್ಣಕ್ಕೆ ಬಂದದ್ದು 1967ರ ಹೊತ್ತಿಗೆ, ಆರು ವರ್ಷ ಕಪ್ಪು, ಬಿಳಿ, ಬೂದಿಗಳಲ್ಲಿ ದುಡಿದ ಮೇಲೆ. ‘ಕ್ಯಾಟರಾಕ್ಟ್ 3’ರಲ್ಲಿ ಸಿಂಧೂರ ಮತ್ತು ಹಸಿರುನೀಲಿ ಎರಡೇ ಬಣ್ಣ ಬಾಗಿದ ಪಟ್ಟಿಗಳಲ್ಲಿ ಜೊತೆಜೊತೆಗೆ ಹರಿಯುತ್ತವೆ. ಸ್ವಲ್ಪದರಲ್ಲೇ ಅವರಿಗೆ ಒಂದು ವಿಷಯ ಖಚಿತವಾಯಿತು. ಬಣ್ಣವೇ ಅಸ್ಥಿರ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದರ ಗುಣ ಬದಲಾಗುತ್ತದೆ. ಆಕಾರವೂ ಕುಣಿಯುತ್ತಿದ್ದರೆ ಯಾವುದರ ಕುಣಿತ ಯಾವುದೆಂದು ತಿಳಿಯುವುದಿಲ್ಲ. ಹಾಗಾಗಿ ಆಕಾರವನ್ನು ಸುಮ್ಮನಾಗಿಸಿದರು, ನೇರ ಪಟ್ಟೆಗೆ ಬಂದರು.

ಬಣ್ಣಗಳು ಒಂದನ್ನೊಂದು ಬದಲಿಸುವುದು ಅವು ತಾಗುವ ಅಂಚಿನಲ್ಲಿ. ಒಂದು ಮೀಟರ್ ಚೌಕದ ಕ್ಯಾನ್ವಾಸನ್ನು ಎರಡು ಹೋಳು ಮಾಡಿ ಎರಡು ಬಣ್ಣ ಬಳಿದರೆ ಸಿಗುವ ಅಂಚು ಒಂದೇ ಮೀಟರ್. ಅದನ್ನೇ 2 ಸೆಂಟಿಮೀಟರಿನ 50 ಪಟ್ಟೆ ಮಾಡಿದರೆ ಒಳಗಿನ ಅಂಚುಗಳು 49, ಅಂದರೆ 49 ಮೀಟರ್. ಅಷ್ಟೇ ಜಾಗ, ಅಷ್ಟೇ ಬಣ್ಣ, ತಾಗುವಿಕೆ ಮಾತ್ರ 49 ಪಟ್ಟು. ‘ಚಾಂಟ್ 2’ (1967) ನೋಡಿ. ಬಿಳಿ ನೆಲದ ಮೇಲೆ ಒಂದು ಪಟ್ಟೆಯಲ್ಲಿ ನೀಲಿಯ ಎರಡು ಮಗ್ಗುಲಿಗೂ ಕೆಂಪು, ಮುಂದಿನದರಲ್ಲಿ ಕೆಂಪಿನ ಎರಡು ಮಗ್ಗುಲಿಗೂ ನೀಲಿ. ದೂರದಿಂದ ನೋಡಿದರೆ ಯಾರೂ ಬಳಿಯದ ನೇರಳೆಯೊಂದು ಬಿಳಿಯ ಮೇಲೆಲ್ಲ ತೇಲುತ್ತದೆ.

ಅವರು ಕೆಲಸ ಮಾಡುವ ಕ್ರಮವನ್ನು ಬಿಡಿಸಿ ಹೇಳಿದರೆ ಸಹಾಯಕರ ಪ್ರಶ್ನೆಯೂ ತಿಳಿಯಾಗುತ್ತದೆ. ಮೊದಲು ಗ್ವಾಶ್ ಎಂಬ, ನೀರಿನಲ್ಲಿ ಕಲಸುವ ಮಂದ ಬಣ್ಣವನ್ನು ಕಲಸಿ ಕಾಗದಕ್ಕೆ ಬಳಿದು ಒಣಗಿಸುವುದು. ಒಣಗಿದ ಮೇಲೇ ಅದರ ನಿಜವಾದ ಬಣ್ಣ ತಿಳಿಯುವುದು. ಗಾಢವಾದದ್ದು ಒಣಗಿದಾಗ ತುಸು ತಿಳಿಯಾಗುತ್ತದೆ, ತಿಳಿಯದ್ದು ತುಸು ಗಾಢವಾಗುತ್ತದೆ. ಆ ಕಾಗದವನ್ನು ಪಟ್ಟಿಗಳಾಗಿ ಕತ್ತರಿಸಿ, ಪಕ್ಕಪಕ್ಕ ಜೋಡಿಸಿ, ಕಿತ್ತು, ಜಾಗ ಬದಲಿಸಿ ನೋಡುವುದು. ಒಂದು ಪಟ್ಟಿ ಬದಲಾದರೆ ಅದರ ಎರಡೂ ಪಕ್ಕದವು ಬೇರೆಯಾಗಿ ಕಾಣುತ್ತವೆ, ಅವನ್ನು ಸರಿಮಾಡಲು ಹೋದರೆ ಅವುಗಳಾಚೆಯವು ಕೆಡುತ್ತವೆ. ಇದಕ್ಕೆ ವಾರಗಳು ಹಿಡಿದರೂ ಹಿಡಿದವೇ. ಸಮಾಧಾನವಾದ ಮೇಲೆ ಕೊನೆಯ ಚಿತ್ರದಷ್ಟೇ ದೊಡ್ಡ ಕಾಗದದ ಮೇಲೆ ಪೂರ್ತಿ ನಕ್ಷೆ. ಇಲ್ಲಿಯೇ ಬಹಳಷ್ಟು ಬಿದ್ದುಹೋಗುತ್ತವೆ. 30 ಸೆಂಟಿಮೀಟರಿನಲ್ಲಿ ಹಾಡಿದ್ದು ಎರಡು ಮೀಟರಿನಲ್ಲಿ ಮೂಕವಾಗಬಹುದು, ಯಾಕೆಂದರೆ ಪಟ್ಟೆ ಅಗಲವಾದಾಗ ಕಣ್ಣು ಅದರೊಳಗೇ ತಂಗಿಬಿಡುತ್ತದೆ, ಅಂಚಿಗೆ ಹೋಗುವುದಿಲ್ಲ. ಪಾಸಾದದ್ದು ಮಾತ್ರ ಕ್ಯಾನ್ವಾಸಿಗೆ.

ಕ್ಯಾನ್ವಾಸಿನ ಮೇಲೆ ಸಹಾಯಕರು ಬಳಿಯುವುದು ಕೈಯಿಂದಲೇ, ಮಾಸ್ಕಿಂಗ್ ಟೇಪ್ ಇಲ್ಲದೆ. ಟೇಪ್ ಅಂಟಿಸಿ ಬಳಿದು ಕಿತ್ತರೆ ಅಂಚಿನಲ್ಲಿ ಬಣ್ಣದ ಒಂದು ಸಣ್ಣ ಬದು ಏಳುತ್ತದೆ, ಪಕ್ಕದಿಂದ ಬಂದ ಬೆಳಕಿಗೆ ಅದು ಗೆರೆಯಾಗಿ ಹೊಳೆಯುತ್ತದೆ. ಎರಡು ಬಣ್ಣ ತಾಗಬೇಕಾದ ಜಾಗದಲ್ಲಿ ಮೂರನೆಯದೊಂದು ಗೋಡೆ ಎದ್ದಂತಾಯಿತು. ಕೈಯಿಂದ ಎಳೆದ ಅಂಚು ಗರಗಸದ ಹಲ್ಲಿನಂತಾಗದೆ, ಬ್ಲೇಡಿನಂತೆಯೂ ಆಗದೆ, ನಡುವೆ ನಿಲ್ಲುತ್ತದೆ. ಎಂಬತ್ತರ ದಶಕದಿಂದ ಮೊದಲು ಅಕ್ರಿಲಿಕ್, ಅದರ ಮೇಲೆ ಎಣ್ಣೆಬಣ್ಣ. ಅಕ್ರಿಲಿಕ್ ಬೇಗ ಒಣಗಿ ನೆಲ ಕೊಡುತ್ತದೆ, ಎಣ್ಣೆ ಬಣ್ಣಕ್ಕೆ ತುಂಬು ಕೊಡುತ್ತದೆ. ಕ್ರಮ ತಿರುಗಿಸುವಂತಿಲ್ಲ, ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯದೆ ಸುಲಿದು ಬರುತ್ತದೆ. ಕೈ ಬೇರೆಯವರದ್ದಾಗಿರುವುದರಿಂದ ರೈಲಿ ದೂರ ನಿಂತು, ಮೊದಲ ಸಲ ನೋಡುವವರಂತೆ ನೋಡಬಹುದು. ಸ್ವತಃ ಎರಡು ಮೀಟರ್ ಅಂಚು ಎಳೆದು ತೋಳು ಸೋತವರಿಗೆ ಆ ಚಿತ್ರವನ್ನು ಬೇಡ ಎನ್ನುವ ಮನಸ್ಸು ಬರುವುದು ಕಷ್ಟ.

1979–80ರ ಚಳಿಗಾಲದಲ್ಲಿ ಅವರು ಈಜಿಪ್ಟಿಗೆ ಹೋದರು. ನೈಲ್ ಕಣಿವೆಯ ಗೋರಿಗಳ ಗೋಡೆಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರುನೀಲಿ, ಜೊತೆಗೆ ಕಪ್ಪು ಬಿಳಿ. ಸಾವಿರಾರು ವರ್ಷ ಅದೇ ಕೆಲವು ಬಣ್ಣಗಳು ಒಂದು ನಾಡಿನ ಬದುಕನ್ನೆಲ್ಲ ಹೇಳಿದ್ದವು. ಮರಳಿ ಬಂದು ಆ ಬಣ್ಣಗಳನ್ನು ನೆನಪಿನಿಂದಲೇ ಕಲಸಿಕೊಂಡರು. ‘ರಾ’ (1981) ಆ ಸಾಲಿನ ಚಿತ್ರ. 1983ರಲ್ಲಿ ಲಿವರ್‌ಪೂಲ್‌ನ ರಾಯಲ್ ಆಸ್ಪತ್ರೆಯ ಓಣಿಗಳಿಗೆ ಬಣ್ಣದ ಪಟ್ಟೆಗಳನ್ನು ಉದ್ದಕ್ಕೂ ಹರಿಸಿದರು, 1987ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಗೂ. ಅಲ್ಲಿ ನೋಡುವವರು ನಿಂತು ನೋಡುವವರಲ್ಲ, ನಡೆದು ಹೋಗುವವರು, ಗಾಲಿಮಂಚದ ಮೇಲೆ ಮಲಗಿ ಹೋಗುವವರು.

ನಟರಾಜ

1993ರ ಒಂದು ಚಿತ್ರಕ್ಕೆ ಅವರು ಇಟ್ಟ ಹೆಸರು ‘ನಟರಾಜ’. ಎಣ್ಣೆಬಣ್ಣ, 165 × 228 ಸೆಂಟಿಮೀಟರ್, ಟೇಟ್‌ನಲ್ಲಿದೆ. ನಮ್ಮವರು ಹೆಸರು ಕೇಳಿದ ಕೂಡಲೇ ಎತ್ತಿದ ಕಾಲು, ಜಟೆ, ಬೆಂಕಿಯ ಬಳೆ ಹುಡುಕುತ್ತಾರೆ. ಅದೊಂದೂ ಇಲ್ಲ. ನೇರ ಕಂಬಸಾಲುಗಳನ್ನು ಓರೆಗೆರೆಗಳು ಕತ್ತರಿಸಿ, ಓರೆಚೌಕದ ತುಣುಕುಗಳಾಗಿವೆ. ಒಂದೊಂದು ತುಣುಕಿಗೂ ಒಂದೊಂದು ಬಣ್ಣ, ಹಸಿರು, ನೀಲಿ, ಕಿತ್ತಳೆ, ಗುಲಾಬಿಗಳ ಹಲವಾರು ಛಾಯೆ. ಪಕ್ಕದ ಕಂಬದ ತುಣುಕು ಹೊಳಪಿನಲ್ಲಿ ಸಮವಾಗಿದ್ದರೆ ನಡುವಿನ ಅಂಚು ಕರಗಿ ಎರಡೂ ಒಂದಾಗುತ್ತವೆ, ಕಂಬ ಮಾಯವಾಗಿ ಓರೆಯ ದೊಡ್ಡ ಆಕಾರ ಏಳುತ್ತದೆ. ಕಣ್ಣು ಒಂದಿಷ್ಟು ಸರಿದರೆ ಆ ಜೋಡಿ ಬಿಟ್ಟು ಇನ್ನೊಂದು ಕೂಡುತ್ತದೆ. ಬಾದಾಮಿಯ ಮೊದಲ ಗುಹೆಯ ಮುಂದೆ ನಿಂತವರಿಗೆ ಇದು ಗುರುತು ಹತ್ತಬೇಕು. ಅಲ್ಲಿನ ನಟರಾಜನ 18 ಕೈಗಳನ್ನು ಒಟ್ಟಿಗೆ ನೋಡಲಾಗುವುದಿಲ್ಲ. ಒಂದು ಜೋಡಿಯ ಮೇಲೆ ದೃಷ್ಟಿ ನಿಂತಾಗ ಮಿಕ್ಕವು ಕದಲಿದಂತಾಗುತ್ತವೆ. ಕಲ್ಲು ಕುಣಿಯುವುದಿಲ್ಲ, ನೋಟ ಕೈಯಿಂದ ಕೈಗೆ ಹಾರುತ್ತದೆ. ರೈಲಿ ಶಿವನ ಹೆಸರನ್ನು ಅಲಂಕಾರಕ್ಕೆಂದು ಎತ್ತಿಕೊಳ್ಳಲಿಲ್ಲ ಎಂದು ನಾನು ನಂಬುವುದು ಇದಕ್ಕೇ.

ಈ ಅಳತೆಯ ಕ್ಯಾನ್ವಾಸು ಸುಮಾರು 3.76 ಚದರ ಮೀಟರ್. ಒಂದು ಛಾಯೆ ಅಲ್ಲಲ್ಲಿ ಚದುರಿಹೋಗಿರುವಾಗ ಅದನ್ನು ಸಾಕಷ್ಟು ಮೊದಲೇ ಕಲಸಿಟ್ಟುಕೊಳ್ಳದಿದ್ದರೆ, ನಡುವೆ ಮುಗಿದು ಮತ್ತೆ ಕಲಸಿದ್ದು ಹಸಿಯಾಗಿದ್ದಾಗ ಒಂದೇ ಎನಿಸಿ, ಒಣಗಿದ ಮೇಲೆ ಬೇರೆಯಾಗುತ್ತದೆ. ಹೊಳಪಿನ ಒಂದು ಕೂದಲಿನಷ್ಟು ವ್ಯತ್ಯಾಸಕ್ಕೆ ಕರಗಬೇಕಾದ ಅಂಚು ಕರಗುವುದಿಲ್ಲ.

ಹರೆಯದಲ್ಲಿ ಕಾಲೇಜಿನ ಪ್ರವೇಶಕ್ಕಾಗಿ ರೈಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಯಾನ್ ವಾನ್ ಐಕ್‌ನ ಕೆಂಪು ರುಮಾಲಿನ ಗಂಡಸಿನ ಚಿತ್ರವನ್ನು ನಕಲು ಮಾಡಿದ್ದರು. ಎಂಬತ್ತರ ದಶಕದಲ್ಲಿ ಅದೇ ಗ್ಯಾಲರಿಯ ಟ್ರಸ್ಟಿಯಾಗಿದ್ದರು. 2019ರಲ್ಲಿ, 87ರ ವಯಸ್ಸಿನಲ್ಲಿ, ಅಲ್ಲಿಯ ಆನೆನ್‌ಬರ್ಗ್ ಕೋರ್ಟಿನ ಗೋಡೆಗೆ ‘ಮೆಸೆಂಜರ್ಸ್’ ಮಾಡಿಕೊಟ್ಟರು. ಹೆಸರು ಚಿತ್ರಕಾರ ಕಾನ್ಸ್‌ಟೇಬಲ್ ಮೋಡಗಳಿಗೆ ಹೇಳುತ್ತಿದ್ದ ಮಾತಿನಿಂದ ಬಂದದ್ದು. ಬಿಳಿ ಗೋಡೆಯ ಮೇಲೆ ಕೆಲವೇ ಮಂದ ಬಣ್ಣಗಳ ಬಿಲ್ಲೆಗಳು, ಅಷ್ಟೇ. ಹಸಿರು ಬಿಲ್ಲೆಯೊಂದನ್ನು 20 ಎಣಿಸುವಷ್ಟು ಹೊತ್ತು ನೋಡಿ ದೃಷ್ಟಿಯನ್ನು ಪಕ್ಕದ ಖಾಲಿ ಜಾಗಕ್ಕೆ ತಂದರೆ ಅಲ್ಲಿ ತಿಳಿಗುಲಾಬಿ ಬಿಲ್ಲೆಯೊಂದು ಮೂಡುತ್ತದೆ, ತೇಲುತ್ತದೆ, ಮಾಸುತ್ತದೆ. ಅದನ್ನು ಸಹಾಯಕರೂ ಬಳಿದಿಲ್ಲ.